ಕೇಳಿದ್ದು ನಮ್ಮದಾಗುವುದು ಯಾವಾಗ?




ಒಂದು ಸಣ್ಣ ಪ್ರಶ್ನೆಯಿಂದ ಪಾಠವನ್ನು ಆರಂಭಿಸೋಣ. ನಿನ್ನೆ ಕೆಲಸಕ್ಕೆ ಹೋಗಿ ಬರುವಾಗ ಮೊಬೈಲ್‌ನಲ್ಲಿ ಏನೇನು ನೋಡಿದಿರಿ? ಒಬ್ಬ ಉಸ್ತಾದರ ಪ್ರವಚನ, ಊರಿನ ಸುದ್ದಿ, ಒಂದು ಅಡುಗೆ ವೀಡಿಯೊ, ಇಲ್ಲಿನ ವರ್ಕ್ ಪರ್ಮಿಟ್ ಬಗ್ಗೆ ಯಾರದೋ ಮಾತು. ನೋಡುವಾಗ ಎಲ್ಲವೂ ಅರ್ಥವಾಗಿರುತ್ತದೆ. ಈಗ ಮೊಬೈಲ್ ಬದಿಗಿಟ್ಟು, ಅವುಗಳಲ್ಲಿ ಮೂರು ವಿಷಯಗಳನ್ನು ನಿಮ್ಮ ಪಕ್ಕದಲ್ಲಿರುವವರಿಗೆ ಹೇಳಿ ನೋಡಿ. ಹೆಚ್ಚಿನವರಿಗೆ ಒಂದೂ ಸರಿಯಾಗಿ ಬರುವುದಿಲ್ಲ.

ಇದರಿಂದ ನಷ್ಟವೇನು ಎಂದು ನೀವು ಕೇಳಬಹುದು. ನನಗಾದ ನಷ್ಟವನ್ನೇ ಹೇಳುತ್ತೇನೆ. ಸ್ವೀಡನ್ನಿಗೆ ಬಂದ ಮೊದಲ ವರ್ಷ, ಕಾರ್ಮಿಕರ ಹಕ್ಕುಗಳ ಬಗ್ಗೆ ಹತ್ತಾರು ವೀಡಿಯೊಗಳನ್ನು ನೋಡಿದ್ದೆ. ಕಾಯಿಲೆ ಬಿದ್ದರೆ ಮೊದಲ ದಿನವೇ ಕೆಲಸದ ಜಾಗಕ್ಕೆ ತಿಳಿಸಬೇಕು, ತಿಳಿಸುವುದಕ್ಕೆ ಮುಂಚಿನ ದಿನಗಳಿಗೆ ಸಂಬಳ ಕೊಡುವ ಹೊಣೆ ಮಾಲಕನಿಗಿಲ್ಲ, ಎಂಟನೇ ದಿನದಿಂದ ಡಾಕ್ಟರ ಸರ್ಟಿಫಿಕೇಟ್ ಬೇಕು ಎಂಬುದನ್ನೆಲ್ಲ ಕೇಳಿದ್ದೆ. ಆದರೆ ಜ್ವರ ಬಂದಾಗ ಏನೂ ನೆನಪಿಗೆ ಬರಲಿಲ್ಲ. ಎರಡು ದಿನ ಸುಮ್ಮನೆ ಮಲಗಿ ಮೂರನೇ ದಿನ ಫೋನ್ ಮಾಡಿದೆ. ಆ ಎರಡು ದಿನದ ಹಣ ಹೋಯಿತು. ತಪ್ಪು ಬೇರೆ ಯಾರದ್ದೂ ಅಲ್ಲ. ವಿಷಯ ನನ್ನ ಕಿವಿಗೆ ಬಿದ್ದಿತ್ತು, ಆದರೆ ನನ್ನದಾಗಿರಲಿಲ್ಲ.

ದರೋಡೆಕೋರ ಕಲಿಸಿದ ಪಾಠ

ಇಮಾಂ ಗಝ್ಝಾಲಿ(ರ)ಯವರ ಬಗ್ಗೆ ಒಂದು ಪ್ರಸಿದ್ಧ ಘಟನೆಯಿದೆ. ಯೌವನದಲ್ಲಿ ಜುರ್ಜಾನಿನಲ್ಲಿ ಕಲಿತು, ಪಾಠಗಳನ್ನೆಲ್ಲ ಬರೆದುಕೊಂಡು ಊರಾದ ತೂಸ್‌ಗೆ ಮರಳುತ್ತಿದ್ದಾಗ ದಾರಿಯಲ್ಲಿ ದರೋಡೆಕೋರರು ಎಲ್ಲವನ್ನೂ ದೋಚಿದರು. ಇಮಾಮರು ಅವರ ಬೆನ್ನು ಹತ್ತಿ, ಬರಹಗಳನ್ನಾದರೂ ಕೊಡಿ, ಅವುಗಳಿಂದ ನಿಮಗೇನೂ ಪ್ರಯೋಜನವಿಲ್ಲ, ನನ್ನ ಕಲಿಕೆಯೆಲ್ಲ ಅದರಲ್ಲಿದೆ ಎಂದು ಬೇಡಿಕೊಂಡರು. ದರೋಡೆಕೋರರ ನಾಯಕ ನಕ್ಕುಬಿಟ್ಟ. ನಾವು ಕಸಿದುಕೊಂಡ ಕೂಡಲೇ ನೀನು ಏನೂ ತಿಳಿಯದವನಾಗುವುದಾದರೆ ಅದು ನಿನ್ನ ಜ್ಞಾನ ಹೇಗಾಯಿತು ಎಂದು ಕೇಳಿ, ಬರಹಗಳನ್ನು ಹಿಂತಿರುಗಿಸಿದ. ಆ ಮಾತು ಅವರ ಮನಸ್ಸಿಗೆ ನಾಟಿತು. ತೂಸ್‌ಗೆ ತಲುಪಿದ ಮೇಲೆ ಮೂರು ವರ್ಷ ಕುಳಿತು, ಬರೆದುಕೊಂಡಿದ್ದನ್ನೆಲ್ಲ ಮನನ ಮಾಡಿದರು.

ಗಝ್ಝಾಲಿಯವರ ಬಳಿ ಕನಿಷ್ಠ ಸ್ವಂತ ಕೈಯಿಂದ ಬರೆದ ಬರಹವಿತ್ತು. ನಮ್ಮ ಬಳಿ ಏನಿದೆ? ‘ಆಮೇಲೆ ನೋಡೋಣ’ ಎಂದು ಸೇವ್ ಮಾಡಿಟ್ಟ ನೂರಾರು ವೀಡಿಯೊಗಳು. ಮೊಬೈಲ್ ಕಳೆದರೆ ಅವೂ ಇಲ್ಲ.

ರಮಝಾನ್ ಪುನರಾವರ್ತನೆಯ ತಿಂಗಳು

ಪ್ರತಿ ರಮಝಾನಿನಲ್ಲಿ ಜಿಬ್ರೀಲ್(ಅ) ಬಂದು ಪ್ರವಾದಿ(ಸ)ಯವರೊಂದಿಗೆ ಕುರ್‌ಆನನ್ನು ಪುನರಾವರ್ತಿಸುತ್ತಿದ್ದರು. ಪ್ರವಾದಿ(ಸ)ಯವರ ಬದುಕಿನ ಕೊನೆಯ ವರ್ಷ ಇದು ಎರಡು ಸಲ ನಡೆಯಿತೆಂದು ಹದೀಸ್‌ಗಳಲ್ಲಿದೆ. ಕುರ್‌ಆನನ್ನು ಮತ್ತೆ ಮತ್ತೆ ಓದದಿದ್ದರೆ, ಕಟ್ಟು ಬಿಚ್ಚಿದ ಒಂಟೆಗಿಂತಲೂ ಬೇಗ ಅದು ಕೈತಪ್ಪುತ್ತದೆಂದು ಅವರು ಎಚ್ಚರಿಸಿದ್ದಾರೆ. ಸಹಾಬಿಗಳು ಹತ್ತು ಆಯತ್‌ಗಳನ್ನು ಕಲಿತರೆ, ಅವುಗಳ ಅರ್ಥವನ್ನು ತಿಳಿದು ಬದುಕಿನಲ್ಲಿ ತರುವವರೆಗೆ ಮುಂದಿನದಕ್ಕೆ ಹೋಗುತ್ತಿರಲಿಲ್ಲ ಎಂಬ ವರದಿಯೂ ಇದೆ.

ಊರಿನ ಪಳ್ಳಿ ದರ್ಸ್‌ನಲ್ಲಿ ಕಲಿತವರಿಗೆ ಇದು ಹೊಸದಲ್ಲ. ಹೊಸ ಪಾಠಕ್ಕೆ ಮೊದಲು ಉಸ್ತಾದರು ನಿನ್ನೆಯ ಪಾಠವನ್ನು ಒಪ್ಪಿಸಲು ಹೇಳುತ್ತಿದ್ದರು. ಆ ಕ್ರಮದ ಬೆಲೆ ನಮಗೆ ಆಗ ತಿಳಿದಿರಲಿಲ್ಲ.

ವಿಜ್ಞಾನಿಗಳು ಕಂಡುಕೊಂಡದ್ದೂ ಇದನ್ನೇ. ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದರು: ಕಲಿತದ್ದರಲ್ಲಿ ಬಹುಪಾಲು ಮೊದಲ ಒಂದೆರಡು ದಿನಗಳಲ್ಲೇ ಮರೆತುಹೋಗುತ್ತದೆ. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಸಂಶೋಧಕರು ಕೆಲವು ವಿದ್ಯಾರ್ಥಿಗಳಿಗೆ ಒಂದು ಪಾಠವನ್ನು ಮತ್ತೆ ಮತ್ತೆ ಓದಲು ಹೇಳಿದರು. ಉಳಿದವರಿಗೆ ಓದಿದ ಪಾಠವನ್ನು ನೋಡದೆ ನೆನಪಿನಿಂದ ಬರೆಯಲು ಹೇಳಿದರು. ಐದು ನಿಮಿಷದ ಬಳಿಕ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ಬಳಿಕ ನೆನಪಿನಿಂದ ಬರೆದವರು ಮುಂದಿದ್ದರು. ಅಂದರೆ, ಹತ್ತು ಸಲ ನೋಡುವುದಕ್ಕಿಂತ ಒಮ್ಮೆ ನೋಡಿ, ಮುಚ್ಚಿಟ್ಟು, ನೆನಪಿಸಿಕೊಳ್ಳುವುದು ಹೆಚ್ಚು ಕಾಲ ಉಳಿಯುತ್ತದೆ.

ನಾವು ಮಾಡಬಹುದಾದ್ದು

ಒಂದು ಹತ್ತು ರೂಪಾಯಿಯ ನೋಟ್‌ಬುಕ್‌ನಂಥದ್ದು ಸಾಕು. ಜೇಬಿನಲ್ಲಿ ಹಿಡಿಯುವಷ್ಟು ಚಿಕ್ಕದಿರಲಿ.

1. ಆರಿಸಿಕೊಳ್ಳಿ. ದಿನಕ್ಕೆ ಒಂದೇ ವಿಷಯ. ಹತ್ತು ನಿಮಿಷದ ಒಂದು ಪ್ರವಚನ, ಅಥವಾ ಒಂದು ಸುದ್ದಿ. ಅದು ಮುಗಿದ ಕೂಡಲೇ ಮುಂದಿನ ವೀಡಿಯೊ ತಾನಾಗಿ ಶುರುವಾಗಲು ಬಿಡಬೇಡಿ.

2. ಮುಚ್ಚಿಟ್ಟು ಹೇಳಿಕೊಳ್ಳಿ. ಪರದೆ ನೋಡದೆ ಮೂರು ಅಂಶಗಳನ್ನು ನೆನಪಿಸಿಕೊಳ್ಳಿ. ಬಾರದಿದ್ದರೆ ಮಾತ್ರ ಮತ್ತೆ ಕೇಳಿ.

3. ನಿಮ್ಮ ಮಾತಿನಲ್ಲಿ ಬರೆಯಿರಿ. ಮೊದಲು ಅವತೀರ್ಣವಾದ ಆಯತ್‌ಗಳಲ್ಲಿ ಓದಿನ ಜೊತೆ ಲೇಖನಿಯ ಪ್ರಸ್ತಾಪವೂ ಇರುವುದನ್ನು ನೆನಪಿಡಿ. ಕನ್ನಡದಲ್ಲಿ ಎರಡು ಸಾಲು ಸಾಕು. ಯಾರು ಹೇಳಿದ್ದು, ಎಂದು ಕೇಳಿದ್ದು ಎಂಬುದನ್ನೂ ಬರೆಯಿರಿ.

4. ಒಬ್ಬರಿಗೆ ಹೇಳಿ. ಇಫ್ತಾರ್‌ನಲ್ಲಿ ಪಕ್ಕದಲ್ಲಿ ಕುಳಿತವರಿಗೆ, ಅಥವಾ ಊರಿಗೆ ಫೋನ್ ಮಾಡಿದಾಗ ಮನೆಯವರಿಗೆ. ಹೇಳುವಾಗ ಎಲ್ಲಿ ತಡವರಿಸುತ್ತೀರೋ ಅಲ್ಲಿ ನಿಮಗೆ ಅರ್ಥವಾಗಿಲ್ಲ ಎಂದು ತಿಳಿಯಿರಿ.

5. ಹಿಂದಿರುಗಿ ನೋಡಿ. ಮರುದಿನ ಸಹರಿಯ ಹೊತ್ತಿಗೆ ಒಮ್ಮೆ, ಶುಕ್ರವಾರ ಜುಮುಅಕ್ಕೆ ಮೊದಲು ಒಮ್ಮೆ, ಈದ್ ಕಳೆದ ಮೇಲೆ ಒಮ್ಮೆ.

6. ಪರೀಕ್ಷಿಸಿ, ಬಳಸಿ. ವರ್ಕ್ ಪರ್ಮಿಟ್, ತೆರಿಗೆ, ಸಂಬಳದ ವಿಷಯವಾದರೆ ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದನ್ನೇ ನಂಬಿ ಹೆಜ್ಜೆ ಇಡಬೇಡಿ. ನಿಯಮಗಳು ಬದಲಾಗುತ್ತಿರುತ್ತವೆ. ಮಿಗ್ರೇಷನ್ಸ್‌ವೆರ್ಕೆಟ್ ಅಥವಾ ಸ್ಕಾತ್ತೆವೆರ್ಕೆಟ್‌ನ ಸ್ವಂತ ಪುಟದಲ್ಲಿ ನೋಡಿ, ನಿಮ್ಮ ಯೂನಿಯನ್‌ನಲ್ಲಿ ಕೇಳಿ. ಕೇಳಿದ್ದನ್ನೆಲ್ಲ ಹೇಳುತ್ತ ಹೋಗುವುದೇ ಒಬ್ಬನನ್ನು ಸುಳ್ಳುಗಾರನಾಗಿಸಲು ಸಾಕು ಎಂಬರ್ಥದ ಹದೀಸ್ ಫಾರ್ವರ್ಡ್ ಒತ್ತುವ ಬೆರಳಿಗೂ ಅನ್ವಯಿಸುತ್ತದೆ.

ಸ್ವೀಡಿಷ್ ಕಲಿಯಲೂ ಇದೇ ದಾರಿ. 1984ರಿಂದ ಬರುತ್ತಿರುವ ‘ಓತ್ತ ಸೀದೊರ್’ ಎಂಬ ಪತ್ರಿಕೆ ಸುದ್ದಿಗಳನ್ನು ಸುಲಭ ಸ್ವೀಡಿಷ್‌ನಲ್ಲಿ ಕೊಡುತ್ತದೆ. ದಿನಕ್ಕೊಂದು ಸುದ್ದಿ ಓದಿ, ಕೆಲಸಕ್ಕೆ ಬೇಕಾದ ಒಂದು ಪದ ಬರೆದುಕೊಂಡು, ಅಂದೇ ಅದನ್ನು ಸಹೋದ್ಯೋಗಿಯೊಂದಿಗೆ ಬಳಸಿ. ಮೂವತ್ತು ದಿನಕ್ಕೆ ಮೂವತ್ತು ಪದ. ಇಲ್ಲಿ ನೋಂದಾಯಿತ ನಿವಾಸಿಯಾಗಿದ್ದು ಸ್ವೀಡಿಷ್ ಬಾರದವರಿಗೆ ಕೊಮ್ಯೂನ್ ನಡೆಸುವ ಎಸ್‌ಎಫ್‌ಐ ತರಗತಿ ಉಚಿತ. ಅದನ್ನೂ ಬಿಡಬೇಡಿ.

ದುಡಿದು ದಣಿದ ದೇಹಕ್ಕೆ ಮೊಬೈಲ್ ಒಂದು ಆರಾಮ ಎಂಬುದು ನಿಜ. ಅದನ್ನು ಬಿಟ್ಟುಬಿಡಿ ಎಂದು ಹೇಳುತ್ತಿಲ್ಲ. ಎರಡು ಗಂಟೆಯಲ್ಲಿ ಇಪ್ಪತ್ತು ನಿಮಿಷವನ್ನು ಮಾತ್ರ ಈ ನೋಟ್‌ಬುಕ್‌ಗೆ ಕೊಡಿ.

ನಿಮ್ಮನ್ನು ನೀವೇ ಕೇಳಿಕೊಳ್ಳಿ (ಮೇಲೆ ನೋಡದೆ ಉತ್ತರಿಸಿ)

- ದರೋಡೆಕೋರನ ಮಾತು ಕೇಳಿ ಇಮಾಂ ಗಝ್ಝಾಲಿ(ರ) ಏನು ಮಾಡಿದರು?
- ಕಾಯಿಲೆ ಬಿದ್ದರೆ ಯಾವ ದಿನ ಕೆಲಸದ ಜಾಗಕ್ಕೆ ತಿಳಿಸಬೇಕು? ಡಾಕ್ಟರ ಸರ್ಟಿಫಿಕೇಟ್ ಎಂದಿನಿಂದ ಬೇಕು?
- ಇಂದು ಇಫ್ತಾರ್‌ನಲ್ಲಿ ಯಾರಿಗೆ, ಯಾವ ವಿಷಯ ಹೇಳುತ್ತೀರಿ?

ಪ್ರಯೋಜನವಿಲ್ಲದ ಜ್ಞಾನದಿಂದ ಪ್ರವಾದಿ(ಸ) ಅಲ್ಲಾಹನ ಅಭಯ ಯಾಚಿಸುತ್ತಿದ್ದರು. ನಮ್ಮ ಕಿವಿಗೆ ಬಿದ್ದ ಒಳಿತು ನಮ್ಮ ಬದುಕಿನಲ್ಲಿ ಉಳಿಯುವಂತೆ ಅಲ್ಲಾಹನು ಅನುಗ್ರಹಿಸಲಿ. ಆಮೀನ್.