ಕಣ್ಣು ಮುಚ್ಚಿದರೆ ಚಿತ್ರ ಕಾಣದ ಮಗು

"ಹಕೀಮ್ ಸಾಹೇಬ್ರೇ, ಇವನ ನೆನಪಿನ ಶಕ್ತಿಗೆ ಒಳ್ಳೆಯ ಖಮೀರಾ ಇದ್ದರೆ ಕೊಡಿ" ಎಂದು ತಾಯಿಯೊಬ್ಬರು ಹತ್ತು ವರ್ಷದ ಮಗನನ್ನು ಕರೆತಂದಿದ್ದರು. ಹಿಫ್ಝ್ ತರಗತಿಯಲ್ಲಿ ಉಸ್ತಾದರು, "ಕಣ್ಣು ಮುಚ್ಚಿ ಮುಸ್‌ಹಫ್‌ನ ಪುಟವನ್ನು ಕಣ್ಣ ಮುಂದೆ ತಂದುಕೊಂಡು ಓದು" ಎನ್ನುತ್ತಿದ್ದರಂತೆ. ಹುಡುಗ "ಏನೂ ಕಾಣಲ್ಲ" ಎಂದದ್ದಕ್ಕೆ ಉದ್ಧಟತನವೆಂದು ಬೈಸಿಕೊಂಡಿದ್ದ.

ಮಾವಿನ ಹಣ್ಣನ್ನು ನೆನೆಸಿಕೊಳ್ಳಲು ಹೇಳಿದೆ. ಬಣ್ಣ ಯಾವುದು? "ಹಳದಿ." ಕಾಣುತ್ತಿದೆಯೇ? "ಇಲ್ಲ, ಹಳದಿ ಅಂತ ಗೊತ್ತು."

ಅವನ ತೊಂದರೆ ಇಷ್ಟೇ. ಹೆಚ್ಚಿನವರಿಗೆ ನೆನೆದ ವಸ್ತು ಮನಸ್ಸಿನಲ್ಲಿ ಮಸುಕಾಗಿಯೋ ಸ್ಪಷ್ಟವಾಗಿಯೋ ಕಾಣುತ್ತದೆ. ಕೆಲವರಿಗೆ ಚಿತ್ರವೇ ಮೂಡುವುದಿಲ್ಲ, ವಿಷಯ ಮಾತ್ರ ಗೊತ್ತಿರುತ್ತದೆ. ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ 1880ರಲ್ಲಿಯೇ ಜನರಿಗೆ ಬೆಳಗಿನ ಉಪಾಹಾರದ ಮೇಜನ್ನು ನೆನೆಸಿಕೊಳ್ಳಲು ಹೇಳಿ ಈ ವ್ಯತ್ಯಾಸವನ್ನು ಗುರುತಿಸಿದ್ದರು. 2015ರಲ್ಲಿ ನರವೈದ್ಯ ಆಡಂ ಝೆಮನ್ ಮತ್ತು ಸಂಗಡಿಗರು ಇದಕ್ಕೆ 'ಅಫಾಂಟೇಸಿಯಾ' ಎಂಬ ಹೆಸರಿಟ್ಟರು. ಇದು ಕಾಯಿಲೆಯಲ್ಲ, ಬುದ್ಧಿಮಾಂದ್ಯವೂ ಅಲ್ಲ. ಕಾರ್ಟೂನ್ ಚಿತ್ರಗಳ ಪಿಕ್ಸಾರ್ ಸಂಸ್ಥೆಯನ್ನು ಕಟ್ಟಿದವರಲ್ಲೊಬ್ಬರಾದ ಎಡ್ ಕ್ಯಾಟ್‌ಮುಲ್ ಅವರಿಗೂ ಮನಸ್ಸಿನಲ್ಲಿ ಚಿತ್ರ ಮೂಡುವುದಿಲ್ಲ.

ನಮ್ಮ ಯೂನಾನಿ ಪಾಠದಲ್ಲಿ ಇಬ್ನ್ ಸೀನಾ ಅವರು ಹೇಳಿದ ಒಳ ಇಂದ್ರಿಯಗಳನ್ನು ಓದಿದ್ದೆವು. ಕಂಡ ರೂಪಗಳನ್ನು ಕಾಪಾಡುವುದು 'ಖಯಾಲ್', ಅರ್ಥಗಳನ್ನು ಕಾಪಾಡುವುದು 'ಹಾಫಿಝಾ'. ಇಂದಿನ ಮಿದುಳು ವಿಜ್ಞಾನದ ಲೆಕ್ಕ ಬೇರೆಯೇ. ಆದರೂ ರೂಪದ ನೆನಪು ಬೇರೆ, ಅರ್ಥದ ನೆನಪು ಬೇರೆ ಎಂಬ ಆ ವಿಂಗಡಣೆ ಈ ಹುಡುಗನನ್ನು ಅರ್ಥಮಾಡಿಕೊಳ್ಳಲು ನನಗೆ ನೆರವಾಯಿತು.

ಬಾಗಿಲ ಬಳಿ ನಿಂತಿದ್ದ ತಂದೆ ಆಗ ಮೆಲ್ಲನೆ ಕೇಳಿದರು: "ಹಾಗಾದ್ರೆ ಬೇರೆಯವರಿಗೆ ನಿಜವಾಗ್ಲೂ ಕಾಣುತ್ತಾ?" ನಲವತ್ತು ವರ್ಷ ಅವರು ಅದನ್ನು ಬರೀ ಮಾತಿನ ವರಸೆ ಎಂದುಕೊಂಡಿದ್ದರು! ಒಂದೇ ಕುಟುಂಬದಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಹೀಗಿರುವುದುಂಟು.

ಇಂಥ ಮಗುವಿಗೆ ಕಲಿಕೆಯ ದಾರಿ ಬದಲಿಸಬೇಕು. ಆಯತ್‌ಗಳನ್ನು ಪುಟದ ಚಿತ್ರವಾಗಿ ಅಲ್ಲ, ಕಿವಿ ಮತ್ತು ನಾಲಿಗೆಯಿಂದ ಹಿಡಿಯಲಿ. ಉಸ್ತಾದರಿಂದ ಕೇಳಿ, ಜೋರಾಗಿ ಓದಿ, ನೋಡದೆ ಬರೆದು, ಒಂದು ಆಯತ್‌ನ ಕೊನೆಯನ್ನು ಮುಂದಿನದರ ಮೊದಲಿಗೆ ಜೋಡಿಸಿ ಹೇಳಲಿ. ಅರ್ಥವನ್ನೂ ತಿಳಿಸಿಕೊಡಿ. ಗಣಿತದಲ್ಲಿ "ಮನಸ್ಸಿನಲ್ಲೇ ತಿರುಗಿಸಿ ನೋಡು" ಎನ್ನುವ ಬದಲು ಕಾಗದ ಕತ್ತರಿಸಿ ಕೈಗೆ ಕೊಡಿ. "ನಮ್ಮೂರ ಸಂತೆ" ಎಂದು ಪ್ರಬಂಧ ಬರೆಯಬೇಕಾದರೆ ಒಮ್ಮೆ ಸಂತೆಗೆ ಕರೆದೊಯ್ದು, ಕಂಡದ್ದನ್ನು ಅಲ್ಲಿಯೇ ಗುರುತು ಹಾಕಿಸಿ. ನಿದ್ದೆ ಬಾರದಾಗ "ಹೂದೋಟ ನೆನೆಸಿಕೋ" ಎಂದರೆ ಪ್ರಯೋಜನವಿಲ್ಲ. ಉಸಿರನ್ನು ಎಣಿಸಲಿ, ದ್ಸಿಕ್ರ್ ಹೇಳಲಿ.

ಇನ್ನೊಂದು ಸೂಕ್ಷ್ಮವಿದೆ. ತೀರಿಕೊಂಡ ಅಜ್ಜನ ಮುಖ ನೆನಪಿಗೆ ಬರುವುದಿಲ್ಲವೆಂದು ಆ ಹುಡುಗ ಒಳಗೊಳಗೇ ಕೊರಗುತ್ತಿದ್ದ. ತನಗೆ ಪ್ರೀತಿಯೇ ಇಲ್ಲವೇನೋ ಎಂಬ ಭಯ ಅವನಿಗೆ. ಅಜ್ಜ ಏನು ಹೇಳುತ್ತಿದ್ದರು, ಜುಮಾಕ್ಕೆ ಹೇಗೆ ಕೈಹಿಡಿದು ಕರೆದೊಯ್ಯುತ್ತಿದ್ದರು ಎಂದು ಕೇಳಿದರೆ ಎಲ್ಲವನ್ನೂ ಹೇಳಿದ. ಇಂಥ ಮಕ್ಕಳೊಡನೆ ಅಗಲಿದವರ ಬಗ್ಗೆ ಮಾತನಾಡುತ್ತಿರಿ, ಅವರು ಬಳಸಿದ ಟೋಪಿಯನ್ನೋ ತಸ್ಬೀಹನ್ನೋ ಕೈಗೆ ಕೊಡಿ.

ಖಮೀರಾ ಕೊಡದೆ ಕಳಿಸಿದೆ. ಇಲ್ಲದ ಚಿತ್ರವನ್ನು ಮೂಡಿಸುವ ಮದ್ದು ಯಾವ ಪದ್ಧತಿಯಲ್ಲೂ ಇಲ್ಲ. ಇದೆಯೆಂದು ಮಾರುವವರಿಗೆ ಹಣ ಕೊಡಬೇಡಿ. ಆದರೆ ಮೊದಲು ಚಿತ್ರ ಕಾಣುತ್ತಿದ್ದು, ತಲೆಗೆ ಪೆಟ್ಟಾದ ಮೇಲೋ ಜ್ವರ, ಫಿಟ್ಸ್ ಬಂದ ಮೇಲೋ ಅದು ನಿಂತರೆ ತಡಮಾಡದೆ ನರರೋಗ ತಜ್ಞರಿಗೆ ತೋರಿಸಿ. ಓದಿನಲ್ಲಿ ಮಗು ತೀರಾ ಹಿಂದಿದ್ದರೆ ದೃಷ್ಟಿ, ಶ್ರವಣ ಮತ್ತು ರಕ್ತಹೀನತೆಯ ಪರೀಕ್ಷೆಯನ್ನೂ ಮಾಡಿಸಿ.