ನಾಯಿಗೆ ಹಾಕುವ ಮಿಕ್ಕ ಊಟ



ಹೊಲ, ಹಟ್ಟಿ ಕಾಯುವ ನಾಯಿಗೆ ಉಂಡು ಮಿಕ್ಕದ್ದನ್ನು ಹಾಕುವುದು ನಮ್ಮ ವಾಡಿಕೆ. ಇದರಲ್ಲಿ ತಪ್ಪಿಲ್ಲ. ಆದರೆ ಮಿಕ್ಕದ್ದೆಲ್ಲವೂ ಅದಕ್ಕೆ ಆಹಾರವಲ್ಲ.

ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ ಈ ವಿಷ ಹೋಗದು. 10 ಕಿಲೋ ತೂಕದ ನಾಯಿಗೆ 150 ಗ್ರಾಂ ಈರುಳ್ಳಿಯೇ ಕೇಡು ಮಾಡಬಲ್ಲದು. ದಿನವೂ ಸ್ವಲ್ಪ ಸ್ವಲ್ಪ ತಿಂದರೂ ಅಪಾಯವೇ. ಬೆಂದ ಮೂಳೆ ಚೂಪಾಗಿ ಸೀಳಿ ಗಂಟಲನ್ನೋ ಕರುಳನ್ನೋ ಚುಚ್ಚೀತು.

ಆದುದರಿಂದ ಸಾರು ಬೆರೆಸುವ ಮುನ್ನವೇ ನಾಯಿಯ ಪಾಲಿನ ಮುದ್ದೆ, ಅನ್ನವನ್ನು ಬೇರೆ ತೆಗೆದಿಡಿ. ಹಳಸಿದ್ದನ್ನು ಗೊಬ್ಬರದ ಗುಂಡಿಗೆ ಹಾಕಿ ಮಣ್ಣು ಮುಚ್ಚಿರಿ. ಈರುಳ್ಳಿ ತಿಂದ ಕೆಲವು ದಿನಗಳಲ್ಲಿ ನಾಯಿ ಸೊರಗಿ, ವಸಡು ಬಿಳಿಚಿ, ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ ತಡಮಾಡದೆ ಪಶುವೈದ್ಯರಲ್ಲಿಗೆ ಕರೆದೊಯ್ಯಿರಿ.