ಪೊಟರೆ ಮರ ಕಡಿಯುವ ಮುನ್ನ: ದಾಸ ಮಂಗಟ್ಟೆಯ ವಿಚಾರ



ಕಾಫಿ ಕೊಯ್ಲು ಮುಗಿದೊಡನೆ ತೋಟಗಳಲ್ಲಿ ಮರ ಕಡಿಯುವ ಕೆಲಸ ಆರಂಭವಾಗುತ್ತದೆ. ಪೊಟರೆ ಬಿದ್ದ ಮುದಿ ಮರಕ್ಕೇ ಮೊದಲ ಕೊಡಲಿ ಏಟು. ಅದಕ್ಕೆ ಮುಂಚೆ ಬೆಳೆಗಾರರು ಒಂದು ವಿಷಯ ತಿಳಿದಿರುವುದು ಒಳ್ಳೆಯದು.

ದಾಸ ಮಂಗಟ್ಟೆ ನಮ್ಮ ಪಶ್ಚಿಮ ಘಟ್ಟದಲ್ಲೂ, ಈಶಾನ್ಯ ಭಾರತದಿಂದ ಸುಮಾತ್ರಾವರೆಗಿನ ಕಾಡುಗಳಲ್ಲೂ ಇರುವ ಹಕ್ಕಿ. ಉದ್ದ ಸುಮಾರು 1 ಮೀಟರು, ತೂಕ 2ರಿಂದ 4 ಕಿಲೋ. ಅತ್ತಿ, ಗೋಳಿ, ರಾಂಪತ್ರೆ ಜಾತಿಯ ಹಣ್ಣುಗಳನ್ನು ನುಂಗಿ, ಬೀಜ ಕೆಡಿಸದೆ ದೂರದಲ್ಲಿ ಉಗುಳುತ್ತದೆ. ಕಾಡು ಬೆಳೆಯುವುದೇ ಹೀಗೆ.

ಇಷ್ಟು ದೊಡ್ಡ ಕೊಕ್ಕಿದ್ದರೂ ಮರಕುಟಿಗದಂತೆ ಮರ ಕೊರೆಯಲು ಇದಕ್ಕೆ ಬಾರದು. ತಾನಾಗಿ ಆದ ಪೊಟರೆಯೇ ಬೇಕು. ಇದು ಹಿಡಿಸುವಂಥ ಪೊಟರೆ ಹಳೆಯ ಹೆಮ್ಮರದಲ್ಲೇ ಸಿಕ್ಕುವುದು. ಜನವರಿ-ಫೆಬ್ರವರಿ ಸುಮಾರಿಗೆ ಹೆಣ್ಣು ಒಳಸೇರಿ, ಹಿಕ್ಕೆಯಿಂದ ಬಾಯಿ ಮೆತ್ತಿ, ಕೊಕ್ಕು ತೂರುವಷ್ಟು ಸೀಳು ಮಾತ್ರ ಉಳಿಸುತ್ತದೆ. 1 ಅಥವಾ 2 ಮೊಟ್ಟೆ, ಕಾವು ಸುಮಾರು 40 ದಿನ. ಆ ವೇಳೆಗೆ ಹೆಣ್ಣಿನ ಹಾರುವ ಗರಿಗಳೂ ಉದುರಿ ಹೊಸದಾಗಿ ಬರುತ್ತಿರುತ್ತವೆ. ಗಂಡು ತಂದುಕೊಡುವ ಹಣ್ಣೇ ಆಧಾರ. ಮರ ಉರುಳಿದರೆ ಇಡೀ ಸಂಸಾರವೇ ಹೋದಂತೆ. ನಮ್ಮ ಕಡಿತಲೆಯ ಕಾಲವೂ ಅದರ ಗೂಡಿನ ಕಾಲವೂ ಒಂದೇ ಆಗಿರುವುದು ದುರ್ದೈವ.

ನಾನೂ ತಪ್ಪು ಮಾಡಿದವನೇ. ಮೆಣಸಿನ ಬಳ್ಳಿಗೆ ನೇರ ಮರ ಬೇಕೆಂದು ಗೋಳಿ ಮರವೊಂದನ್ನು ತೆಗೆಸಿ ಸಿಲ್ವರ್ ಓಕ್ ಹಾಕಿದೆ. ಮೆಣಸೇನೋ ಬಂತು, ಹಣ್ಣಿನ ಕಾಲಕ್ಕೆ ಬರುತ್ತಿದ್ದ ಮಂಗಟ್ಟೆ ಜೋಡಿ ಮತ್ತೆ ಬರಲಿಲ್ಲ. ಸಿಲ್ವರ್ ಓಕಿನಲ್ಲಿ ಹಕ್ಕಿ ತಿನ್ನುವ ಹಣ್ಣಿಲ್ಲ.

ಬೆಳೆಗಾರರು ಮಾಡಬಹುದಾದದ್ದು:

1. ಮರಕ್ಕೆ ಗುರುತು ಹಾಕುವ ಮುನ್ನ ಬುಡ ನೋಡಿ. ಹಿಕ್ಕೆ, ಕಾಡುಹಣ್ಣಿನ ಬೀಜ ರಾಶಿ ಬಿದ್ದಿದ್ದರೆ, ಗಂಡು ಪದೇ ಪದೇ ಬಂದು ಹೋಗುತ್ತಿದ್ದರೆ ಆ ಮರ ಮುಟ್ಟಬೇಡಿ.

2. ಪೊಟರೆ ಉಳಿದರೆ ಅದೇ ಗೂಡಿಗೆ ವರ್ಷ ವರ್ಷವೂ ಬರುತ್ತದೆ. ಆದ್ದರಿಂದ ಮರಿ ಹಾರಿದ ಮೇಲೂ ಕಡಿಯಬೇಡಿ.

3. ನೆರಳಿಗೆ ಒಂದೆರಡಾದರೂ ಅತ್ತಿ, ಬಸರಿ, ಗೋಳಿ ಉಳಿಸಿ. ಇವು ಬೇರೆ ಬೇರೆ ಕಾಲಕ್ಕೆ ಹಣ್ಣು ಬಿಡುವುದರಿಂದ ಬರಗಾಲದಲ್ಲೂ ಹಕ್ಕಿಗೆ ಆಹಾರ ಸಿಗುತ್ತದೆ.

ಈ ಹಕ್ಕಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 1ನೇ ಅನುಸೂಚಿಯಲ್ಲಿದೆ, ಬೇಟೆ ಅಪರಾಧ. ಆದರೆ ನಮ್ಮ ತೋಟದೊಳಗಿನ ಮರಕ್ಕೆ ಮೊದಲ ಕಾವಲು ನಾವೇ. ಮುದಿ ಮರದ ಸೌದೆ ಒಂದು ವರ್ಷಕ್ಕೆ ಮುಗಿಯುತ್ತದೆ. ಅಂಥ ಪೊಟರೆ ಮತ್ತೆ ಆಗಲು ನಮ್ಮ ಮೊಮ್ಮಕ್ಕಳ ಕಾಲ ಬರಬೇಕು.

— ಕಾರ್ಯದರ್ಶಿ